ಪುಟ ಹುಟ್ಟಿಸಿದರೆ ಸಾಲದು, ಸಾಕಬೇಕು

ಜನವರಿ ತಿಂಗಳು ಎಂದುಕೊಳ್ಳಿ. ಪ್ರೌಢಶಾಲೆಯೊಂದರ ಹೆಡ್‌ಮಾಸ್ತರರು ಒಂಬತ್ತನೇ ತರಗತಿಯ ಹುಡುಗಿಯನ್ನು ಕರೆದು, ‘ನಿನಗೆ ಕಂಪ್ಯೂಟರ್ ಚೆನ್ನಾಗಿ ಬರುತ್ತಂತಲ್ಲಮ್ಮ, ನಮ್ಮ ಶಾಲೆಯ ವೆಬ್‌ಸೈಟಿಗೆ ಪ್ರವೇಶದ ವಿವರಗಳ ಒಂದು ಪುಟ ಸೇರಿಸಿಕೊಡು’ ಎನ್ನುತ್ತಾರೆ. ಅರ್ಧ ಗಂಟೆಯಲ್ಲಿ ಪುಟ ಸಿದ್ಧ. ಅರ್ಜಿ ಎಲ್ಲಿ ಸಿಗುತ್ತದೆ, ಯಾವ ದಾಖಲೆ ಬೇಕು, ಕೊನೆಯ ದಿನ ಮೇ 31, ಎಲ್ಲವೂ ಅಚ್ಚುಕಟ್ಟು. ಸಂಜೆ ಅಪ್ಪ ಅದನ್ನು ಮೊಬೈಲಿನಲ್ಲಿ ತೆರೆದು ಅಕ್ಕಪಕ್ಕದ ಮನೆಯವರಿಗೆಲ್ಲ ತೋರಿಸುತ್ತಾರೆ.

ಒಂದು ವರ್ಷ ಕಳೆಯುತ್ತದೆ. ಮೂವತ್ತು ಕಿಲೋಮೀಟರ್ ಆಚೆಯ ಹಳ್ಳಿಯ ತಂದೆಯೊಬ್ಬರು ಅದೇ ಪುಟವನ್ನು ನೋಡಿ, ಕೂಲಿಗೆ ರಜೆ ಹಾಕಿ, ಮಗನನ್ನು ಕರೆದುಕೊಂಡು ಮೇ 30ರಂದು ಬಸ್ಸು ಹತ್ತಿ ಬರುತ್ತಾರೆ. ಈ ವರ್ಷದ ಪ್ರವೇಶ ಮೇ 20ಕ್ಕೇ ಮುಗಿದಿತ್ತು. ಪುಟದಲ್ಲಿದ್ದುದು ಹೋದ ವರ್ಷದ ತಾರೀಕು; ಇಸವಿಯನ್ನು ಬರೆದೇ ಇರಲಿಲ್ಲ.

ತಪ್ಪು ಯಾರದು? ಕಂಪ್ಯೂಟರಿನದಂತೂ ಅಲ್ಲ. ಅದು ತನಗೆ ಹೇಳಿದ್ದನ್ನು ವರ್ಷವಿಡೀ ನಿಯತ್ತಿನಿಂದ ಒಪ್ಪಿಸುತ್ತಲೇ ಇತ್ತು. ಪುಟ ಸೇರಿಸುವುದು ಈಗ ಎಷ್ಟು ಸುಲಭವಾಗಿದೆಯೆಂದರೆ, ಅದನ್ನು ನೋಡಿಕೊಳ್ಳುವ ಹೊಣೆ ಯಾರದೆಂದು ಕೇಳುವುದೇ ಮರೆತುಹೋಗುತ್ತದೆ.

ಮೊದಲು ಇಷ್ಟು ಸುಲಭವಿರಲಿಲ್ಲ. ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ರೂಪಿಸಿದ ವೆಬ್ 1991ರಲ್ಲಿ ಹೊರಗಿನವರಿಗೂ ತೆರೆದುಕೊಂಡಾಗ, ಸಾಮಾನ್ಯವಾಗಿ ಪ್ರತಿ ಪುಟವೂ ಒಂದೊಂದು ಕಡತ. ಎಚ್‌ಟಿಎಂಎಲ್ ಸಂಕೇತಗಳನ್ನು ಕೈಯಾರೆ ಬರೆಯಬೇಕು. ತಾಣದಲ್ಲಿ ನಲವತ್ತು ಪುಟಗಳಿದ್ದು ಮೇಲಿನ ಪಟ್ಟಿಗೆ ಒಂದು ಹೆಸರು ಸೇರಿಸಬೇಕಾದರೆ ನಲವತ್ತು ಕಡತಗಳನ್ನೂ ತಿದ್ದಬೇಕಿತ್ತು.

ಈ ತಾಪತ್ರಯಕ್ಕೆ ಪರಿಹಾರವಾಗಿ ಬಂದದ್ದು ವಿಷಯ ನಿರ್ವಹಣಾ ತಂತ್ರಾಂಶ. ಅದರ ಉಪಾಯ ಸರಳ: ಬರಹವನ್ನೂ ಅದರ ಉಡುಗೆಯನ್ನೂ ಬೇರೆ ಮಾಡುವುದು. ಬರಹ ಡೇಟಾಬೇಸಿನಲ್ಲಿರುತ್ತದೆ. ತಲೆಬರಹ, ಬಣ್ಣ, ಪಟ್ಟಿ ಇವೆಲ್ಲ ಥೀಮ್ ಎಂಬ ಅಚ್ಚಿನಲ್ಲಿರುತ್ತವೆ. ಓದುಗ ಪುಟವನ್ನು ಕೇಳಿದಾಗ ತಂತ್ರಾಂಶ ಎರಡನ್ನೂ ಕೂಡಿಸಿ ಬಡಿಸುತ್ತದೆ. ಅಚ್ಚನ್ನು ಒಂದು ಕಡೆ ತಿದ್ದಿದರೆ ನಲವತ್ತು ಪುಟಗಳೂ ಬದಲಾಗುತ್ತವೆ.

ಇಂಥ ತಂತ್ರಾಂಶಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ವರ್ಡ್‌ಪ್ರೆಸ್. ಅಮೆರಿಕದ ಮ್ಯಾಟ್ ಮುಲೆನ್‌ವೆಗ್ ಮತ್ತು ಇಂಗ್ಲೆಂಡಿನ ಮೈಕ್ ಲಿಟಲ್ 2003ರ ಮೇ 27ರಂದು ಅದರ ಮೊದಲ ಆವೃತ್ತಿಯನ್ನು ಹೊರತಂದರು. ಆಗ ಮುಲೆನ್‌ವೆಗ್‌ಗೆ 19 ವರ್ಷ. ಬಿ2 ಎಂಬ ಹಳೆಯ ತಂತ್ರಾಂಶದ ಕೆಲಸ ನಿಂತುಹೋದಾಗ, ಅದರ ಸಂಕೇತಗಳು ಎಲ್ಲರಿಗೂ ಮುಕ್ತವಾಗಿದ್ದುದರಿಂದ ಇವರು ಅಲ್ಲಿಂದ ಮುಂದುವರಿಸಿದರು. ಈಗ ಜಗತ್ತಿನ ಹತ್ತು ತಾಣಗಳಲ್ಲಿ ಸುಮಾರು ನಾಲ್ಕು ಇದರಿಂದಲೇ ನಡೆಯುತ್ತವೆ.

ಇದರಲ್ಲಿ ಬರೆದದ್ದನ್ನು ಇಡಲು ಎರಡು ಜಾಗಗಳಿವೆ: ಪೋಸ್ಟ್ ಮತ್ತು ಪೇಜ್. ವ್ಯತ್ಯಾಸ ತಿಳಿಯಬೇಕಾದರೆ ಶಾಲೆಯ ಮುಂದೆ ಹೋಗಿ ನಿಂತರೆ ಸಾಕು. ನೋಟೀಸ್ ಬೋರ್ಡಿನಲ್ಲಿ ಹೊಸ ಚೀಟಿ ಬಂದಂತೆ ಹಳೆಯದು ಕೆಳಗೆ ಸರಿಯುತ್ತದೆ, ಅದು ಪೋಸ್ಟ್. ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ ಶಾಲೆಯ ಹೆಸರು, ಸ್ಥಾಪನೆಯ ವರ್ಷ ಅಲ್ಲೇ ಇರುತ್ತವೆ; ಅದು ಪೇಜ್. ಮೊದಮೊದಲು ವರ್ಡ್‌ಪ್ರೆಸ್‌ನಲ್ಲಿ ಇದ್ದದ್ದು ನೋಟೀಸ್ ಬೋರ್ಡ್ ಮಾತ್ರ. 2005ರ ಫೆಬ್ರುವರಿಯಲ್ಲಿ ಬಂದ 1.5ನೆಯ ಆವೃತ್ತಿ ಅದಕ್ಕೊಂದು ಗೋಡೆಯನ್ನೂ ಕಟ್ಟಿಕೊಟ್ಟಿತು.

ಪುಟ ಸೇರಿಸುವ ಕ್ರಮವನ್ನು ಯಾರಾದರೂ ಕಲಿಯಬಹುದು. ‘ಪೇಜಸ್’ ವಿಭಾಗಕ್ಕೆ ಹೋಗಿ ಹೊಸ ಪುಟ ತೆರೆಯುವುದು, ಶೀರ್ಷಿಕೆ ಕೊಡುವುದು, ಕೆಳಗೆ ವಿಷಯ ಬರೆಯುವುದು. ‘ಪ್ರಯೋಗಾಲಯ’ ಎಂಬ ಪುಟವು ‘ಸೌಲಭ್ಯಗಳು’ ಎಂಬುದರ ಅಡಿಯಲ್ಲಿ ಬರಬೇಕಾದರೆ ಅದನ್ನು ತಾಯಿಪುಟವಾಗಿ ಆರಿಸುವುದು. ಕರಡಾಗಿ ಉಳಿಸಿ, ಹೇಗೆ ಕಾಣುತ್ತದೆಂದು ಮೊಬೈಲಿನಲ್ಲೂ ನೋಡಿ, ಆಮೇಲೆ ಪ್ರಕಟಿಸುವುದು. ಹೊಸಬರು ಸಾಮಾನ್ಯವಾಗಿ ಕಂಗಾಲಾಗುವುದು ಇದಾದ ಮೇಲೆ: ಪ್ರಕಟಿಸಿದ ಪುಟ ಎಲ್ಲೂ ಕಾಣುವುದಿಲ್ಲ! ಪುಟ ಇದೆ, ದಾರಿ ಇಲ್ಲ. ಅದರ ಹೆಸರನ್ನು ಮೆನುವಿಗೆ ಬೇರೆಯಾಗಿ ಸೇರಿಸಬೇಕು.

ಹೆಚ್ಚು ಯೋಚಿಸಬೇಕಾದ್ದು ಪುಟದ ವಿಳಾಸದ ಬಗ್ಗೆ. ಶೀರ್ಷಿಕೆಯನ್ನು ಕನ್ನಡದಲ್ಲಿ ಕೊಟ್ಟರೆ ವಿಳಾಸವೂ ಕನ್ನಡದಲ್ಲೇ ತಯಾರಾಗುತ್ತದೆ. ನೋಡಲು ಚೆಂದ. ಆದರೆ ಅದನ್ನು ನಕಲು ಮಾಡಿ ಬೇರೆಯವರಿಗೆ ಕಳಿಸಿದಾಗ ಹಲವು ಸಲ ಶೇಕಡಾ ಚಿಹ್ನೆಗಳ ಸರಮಾಲೆ ಹೋಗುತ್ತದೆ. ಕಾರಣವಿಷ್ಟೆ: ಯೂನಿಕೋಡ್ ಪಠ್ಯವನ್ನು ವೆಬ್‌ನಲ್ಲಿ ಸಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ವಿಳಾಸದಲ್ಲಿ ಒಂದೊಂದು ಬೈಟನ್ನೂ ಮೂರು ಚಿಹ್ನೆಗಳಲ್ಲಿ ಬರೆಯಲಾಗುತ್ತದೆ. ‘ಪ್ರವೇಶ’ ಕಣ್ಣಿಗೆ ಮೂರೇ ಅಕ್ಷರ. ಒತ್ತು, ಏತ್ವಗಳನ್ನೆಲ್ಲ ಬಿಡಿಸಿದರೆ ಆರು ಸಂಕೇತ, ವಿಳಾಸದಲ್ಲಿ 54 ಚಿಹ್ನೆ. ವರ್ಡ್‌ಪ್ರೆಸ್ ಒಂದು ಪುಟದ ವಿಳಾಸಕ್ಕೆ ಕೊಡುವ ಜಾಗ 200 ಚಿಹ್ನೆಗಳದ್ದು. ಉದ್ದನೆಯ ಕನ್ನಡ ಶೀರ್ಷಿಕೆಯ ವಿಳಾಸ ನಡುವೆಯೇ ತುಂಡಾಗುವುದು ಇದರಿಂದ. ಶೀರ್ಷಿಕೆ ಎಷ್ಟು ಉದ್ದವಾದರೂ ಇರಲಿ, ವಿಳಾಸಕ್ಕೆ ಒಂದೆರಡು ಚಿಕ್ಕ ಪದ ಸಾಕು.

ಕನ್ನಡದ್ದೇ ಇನ್ನೊಂದು ತೊಡಕಿದೆ. ಶಾಲಾ ಕಚೇರಿಯಲ್ಲಿ ನುಡಿಯ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಸುತ್ತೋಲೆಯನ್ನು ತಂದು ಪುಟಕ್ಕೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಮೂಡುತ್ತವೆ. ಆ ಕಡತದಲ್ಲಿ ನಿಜವಾಗಿ ಇರುವುದು ಅವೇ. ಫಾಂಟು ಅವಕ್ಕೆ ಕನ್ನಡದ ವೇಷ ಹಾಕಿತ್ತು, ಅಷ್ಟೆ. ಯೂನಿಕೋಡಿಗೆ ಪರಿವರ್ತಿಸಿ ಹಾಕಬೇಕು. ತೊಂದರೆಯೇ ಬೇಡವೆಂದು ಸುತ್ತೋಲೆಯ ಫೋಟೋವನ್ನೇ ಏರಿಸುವವರಿದ್ದಾರೆ. ಅದನ್ನು ಕಣ್ಣು ಓದುತ್ತದೆ. ಆದರೆ ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶಕ್ಕೆ ಸಾಮಾನ್ಯವಾಗಿ ಅಲ್ಲಿ ಓದಲು ಏನೂ ಸಿಗುವುದಿಲ್ಲ.

ವಿಳಾಸವನ್ನು ಒಮ್ಮೆ ಕೊಟ್ಟ ಮೇಲೆ ಬದಲಿಸಬಾರದು. ಒಳ್ಳೆಯ ವಿಳಾಸಗಳು ಬದಲಾಗುವುದಿಲ್ಲವೆಂದು ಬರ್ನರ್ಸ್-ಲೀ 1998ರಲ್ಲೇ ಬರೆದಿದ್ದರು. ಮನೆ ಬದಲಿಸಿದವರು ಅಂಚೆಯವನಿಗಾದರೂ ಹೇಳಿ ಹೋಗುತ್ತಾರೆ. ಪುಟದ ವಿಳಾಸ ಬದಲಿಸಿದವರು ಯಾರಿಗೆ ಹೇಳುತ್ತಾರೆ? ಹಳೆಯ ವಿಳಾಸವನ್ನು ಬರೆದಿಟ್ಟುಕೊಂಡವರಿಗೆ ಸಿಗುವುದು 404 ಎಂಬ ಸಂಖ್ಯೆ: ಕೇಳಿದ್ದು ಇಲ್ಲಿಲ್ಲ. ಪೋಸ್ಟ್‌ನ ವಿಳಾಸ ಬದಲಾದರೆ ಹಳೆಯದರಿಂದ ಹೊಸದಕ್ಕೆ ತಾನಾಗಿಯೇ ದಾರಿ ತೋರಿಸುವ ವರ್ಡ್‌ಪ್ರೆಸ್, ಪೇಜ್‌ಗೆ ಹಾಗೆ ಲೆಕ್ಕ ಇಟ್ಟುಕೊಳ್ಳುವುದಿಲ್ಲ. ಆದ್ದರಿಂದ ವರ್ಷವರ್ಷವೂ ಬೇಕಾಗುವ ಪುಟದ ವಿಳಾಸದಲ್ಲಿ ಇಸವಿ ಇರಬಾರದು. ಒಳಗಿನ ಪ್ರತಿ ತಾರೀಕಿನ ಜೊತೆಗೆ ಮಾತ್ರ ಇಸವಿ ಇರಲೇಬೇಕು. ಮೊದಲ ಸಾಲಿನಲ್ಲಿ ‘ಕೊನೆಯ ಬಾರಿ ಪರಿಶೀಲಿಸಿದ್ದು’ ಎಂದು ದಿನಾಂಕ ಹಾಕಿದ್ದರೆ ಆ ಹಳ್ಳಿಯ ತಂದೆಗೆ ಅನುಮಾನವಾದರೂ ಬರುತ್ತಿತ್ತು. ಒಂದು ಫೋನ್ ಮಾಡಿ ಕೇಳುತ್ತಿದ್ದರು.

ಇನ್ನು ಬೀಗದ ಕೈ ಯಾರ ಬಳಿ ಇರಬೇಕು? ವರ್ಡ್‌ಪ್ರೆಸ್‌ನಲ್ಲಿ ಬಳಕೆದಾರರಿಗೆ ಸಾಮಾನ್ಯವಾಗಿ ಐದು ದರ್ಜೆಗಳಿವೆ. ಕೊನೆಯ ದರ್ಜೆಯವರು ಓದಬಹುದು. ಅದರ ಮೇಲಿನವರು ಪೋಸ್ಟ್ ಬರೆಯಬಹುದು, ಪ್ರಕಟಿಸುವಂತಿಲ್ಲ. ಪೇಜ್ ಸೇರಿಸುವ ಅಧಿಕಾರ ಸಂಪಾದಕ ಮತ್ತು ಆಡಳಿತಗಾರ ದರ್ಜೆಗಳಿಗೆ ಮಾತ್ರ. ಹಾಗೆಂದು ಹೆಡ್‌ಮಾಸ್ತರರ ಪಾಸ್‌ವರ್ಡನ್ನೇ ಮಕ್ಕಳಿಗೆ ಹೇಳಿಬಿಡುವುದು ಸರಿಯಲ್ಲ. ಹುಡುಗಿಗೆ ಅವಳ ಹೆಸರಿನಲ್ಲೇ ಸಂಪಾದಕ ಖಾತೆ ಮಾಡಿಕೊಟ್ಟರೆ ಆಯಿತು. ತಿದ್ದುವಾಗ ತಪ್ಪಾದೀತೆಂಬ ಹೆದರಿಕೆಯೂ ಬೇಡ. 2008ರಿಂದ ಈಚೆಗೆ ವರ್ಡ್‌ಪ್ರೆಸ್ ಹಳೆಯ ರೂಪಗಳನ್ನೂ ಇಟ್ಟುಕೊಂಡಿರುತ್ತದೆ, ಬೇಕಾದಾಗ ಹಿಂದಿನದಕ್ಕೆ ಮರಳಬಹುದು.

ತಂತ್ರಾಂಶದ ಸಹಾಯ ಇಲ್ಲಿಗೆ ಮುಗಿಯಿತು. ಹುಡುಗಿ ಹತ್ತನೇ ತರಗತಿಗೆ ಬರುತ್ತಾಳೆ, ಪರೀಕ್ಷೆಯ ಗಡಿಬಿಡಿ. ಮೇಷ್ಟ್ರಿಗೆ ವರ್ಗವಾಗುತ್ತದೆ. ಪುಟಕ್ಕೆ ಇದೆಲ್ಲ ಗೊತ್ತಾಗುವುದಿಲ್ಲ, ಅದು ಬಂದವರಿಗೆಲ್ಲ ಮೇ 31 ಎಂದೇ ಹೇಳುತ್ತಿರುತ್ತದೆ. ಶಾಲೆಯಲ್ಲಿ ಒಂದು ನೋಟುಪುಸ್ತಕ ಇಟ್ಟು ಯಾವ ಪುಟ, ಯಾರ ಹೊಣೆ, ಯಾವ ತಿಂಗಳು ಪರಿಶೀಲನೆ ಎಂದು ಬರೆದಿಡಬಹುದು. ಮಕ್ಕಳ ಪುಟವನ್ನು ನೆಂಟರಿಗೆಲ್ಲ ತೋರಿಸಿ ಹಿಗ್ಗುವ ತಂದೆತಾಯಿಯರು ಆರು ತಿಂಗಳಿಗೊಮ್ಮೆ ‘ಪುಟದಲ್ಲಿರುವುದು ಈಗಲೂ ನಿಜವೇನಮ್ಮ?’ ಎಂದು ಕೇಳಬಹುದು.

ಆ ಹುಡುಗಿ ಶಾಲೆ ಬಿಡುವ ಮುನ್ನ ಆ ನೋಟುಪುಸ್ತಕವನ್ನು ಕೆಳಗಿನ ತರಗತಿಯ ಒಬ್ಬರ ಕೈಗಿತ್ತು, ಪಕ್ಕದಲ್ಲಿ ಕೂರಿಸಿಕೊಂಡು ಒಂದು ತಾರೀಕನ್ನು ಅವರಿಂದಲೇ ತಿದ್ದಿಸಿದರೆ ಅವಳ ಕೆಲಸ ಪೂರ್ತಿಯಾದಂತೆ. ಮುಂದಿನ ಮೇ ತಿಂಗಳಲ್ಲಿ ಬಸ್ಸು ಹತ್ತುವ ಇನ್ನೊಬ್ಬ ತಂದೆಗೆ ಕೂಲಿಯೂ ಉಳಿಯುತ್ತದೆ, ಮಗನಿಗೆ ಸೀಟೂ ಸಿಗುತ್ತದೆ.