‘ಓಪನ್ ಆಗ್ತಿಲ್ಲ’ ಅನ್ನೋದು ಉತ್ತರ ಅಲ್ಲ

ಕಾಮರ್ಸ್ ಹುಡುಗರ ಕಂಪ್ಯೂಟರ್ ಮಾತು, ಭಾಗ 6
(ಉದ್ದ ಇದೆ, ನಾಲ್ಕು ಪೋಸ್ಟಲ್ಲಿ ಹಾಕ್ತಿದ್ದೀನಿ. ಸೇವ್ ಮಾಡ್ಕೊಂಡು ಓದಿ.)

1/4

ಡಬಲ್ ಕ್ಲಿಕ್ ಮಾಡ್ತೀರ. ಮೌಸ್ ಪಕ್ಕ ಚಕ್ರ ಎರಡು ಸುತ್ತು ತಿರುಗಿ ನಿಂತುಹೋಗುತ್ತೆ. ಪ್ರೋಗ್ರಾಂ ಬರಲ್ಲ, ಯಾಕೆ ಬರಲಿಲ್ಲ ಅಂತ ಒಂದು ಸಾಲೂ ಬರಲ್ಲ. ಮತ್ತೆ ಡಬಲ್ ಕ್ಲಿಕ್. ಆಮೇಲೆ ರೀಸ್ಟಾರ್ಟ್. ಆಮೇಲೆ ಅನ್‌ಇನ್‌ಸ್ಟಾಲ್, ರೀಇನ್‌ಸ್ಟಾಲ್. ಕೊನೆಗೆ ಗ್ರೂಪಲ್ಲಿ ಒಂದು ಮೆಸೇಜು: "ಓಪನ್ ಆಗ್ತಿಲ್ಲ, ಯಾರಾದ್ರೂ ಹೇಳಿ."

ನಾನು ಹೇಳೋದು ಇಷ್ಟು: ಬಹಳಷ್ಟು ಸಲ ಆ ಪ್ರೋಗ್ರಾಂ ನಿಲ್ಲೋ ಮುಂಚೆ ಕಾರಣ ಹೇಳಿಯೇ ನಿಂತಿರುತ್ತೆ. ನಾವು ಅದನ್ನ ಓದೋ ಜಾಗದಲ್ಲಿ ಇರಲ್ಲ, ಅಷ್ಟೆ. ಆ ಜಾಗ ಎಲ್ಲಿದೆ ಅಂತ ಬಿಕಾಂ ಓದೋರಿಗೂ ಕಲಿಸಬೇಕು. "ಅದೆಲ್ಲ ಬಿಸಿಎ ಅವರ ಕೆಲಸ" ಅಂತ ಬಿಡೋದನ್ನ ನಾನು ಒಪ್ಪಲ್ಲ.

ಯಾಕೆ ಅಂದ್ರೆ ಇಲ್ಲಿ ಹೋಗೋದು ಬೇರೆಯವರ ದುಡ್ಡು. ನಮ್ಮ ವೇಮಗಲ್, ನರಸಾಪುರ ಕೈಗಾರಿಕಾ ಪ್ರದೇಶ ನೋಡಿ. ಪೇಪರಲ್ಲಿ ದೊಡ್ಡ ಕಂಪನಿಗಳ ಹೆಸರು ಬರುತ್ತೆ. ಅಂಥ ಕಂಪನಿಗಳ ಸುತ್ತ ಕ್ಯಾಂಟೀನ್, ಲೇಬರ್, ಹೌಸ್‌ಕೀಪಿಂಗ್ ಅಂತ ಸಣ್ಣ ಗುತ್ತಿಗೆದಾರರು ಬದುಕ್ತಾರೆ. ಅಂಥವರೊಬ್ಬರ 2 ಲಕ್ಷದ ಬಿಲ್ಲಲ್ಲಿ ಶೇ 1, ಅಂದ್ರೆ 2,000 ರೂಪಾಯಿ, ಟಿಡಿಎಸ್ ಹಿಡಿತಾರೆ ಅಂದ್ಕೊಳ್ಳಿ. ಹಿಡಿದವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಿದ ಮೇಲೇ ಆ 2,000 ಗುತ್ತಿಗೆದಾರನ ಪ್ಯಾನ್ ಲೆಕ್ಕದಲ್ಲಿ ಕಾಣೋದು. ಏಪ್ರಿಲ್‌ನಿಂದ ಜೂನ್‌ವರೆಗಿನದಕ್ಕೆ ಜುಲೈ 31 ಕೊನೆ ದಿನ. ತಡ ಆದ್ರೆ ರಿಟರ್ನ್ ಹಾಕಬೇಕಾದವರಿಗೆ ದಿನಕ್ಕೆ 200 ರೂಪಾಯಿ ಶುಲ್ಕ, ಹಿಡಿದ ಟಿಡಿಎಸ್ ಮೊತ್ತ ಮುಟ್ಟೋವರೆಗೂ.

ಜುಲೈ 31ರ ಸಂಜೆ ಆ ಆಫೀಸಿನ ಕಂಪ್ಯೂಟರ್ ಮುಂದೆ ಕೂತಿರೋರು ಯಾರು? ಇಂಜಿನಿಯರ್ ಅಲ್ಲ. ನಮ್ಮ ಹಾಗೆ ಬಿಕಾಂ ಓದಿದವರು.

2/4

ಟಿಡಿಎಸ್ ರಿಟರ್ನ್ ತಯಾರಿಸೋಕೆ ಪ್ರೋಟಿಯನ್ ಸಂಸ್ಥೆ, ಅಂದ್ರೆ ಹಿಂದಿನ ಎನ್‌ಎಸ್‌ಡಿಎಲ್ ಇ-ಗವ್, ಉಚಿತವಾಗಿ ಕೊಡೋ ಆರ್‌ಪಿಯು ಅಂತ ಒಂದು ತಂತ್ರಾಂಶ ಇದೆ. ಇದು ಜಾವಾ ಮೇಲೆ ನಡೆಯುತ್ತೆ, ಬ್ಯಾಟ್ ಫೈಲ್ ಒತ್ತಿ ಶುರು ಮಾಡಬೇಕು. ಬ್ಯಾಟ್ ಫೈಲ್ ಅಂದ್ರೆ ಕಂಪ್ಯೂಟರಿಗೆ ಬರೆದಿಟ್ಟ ಆದೇಶಗಳ ಪಟ್ಟಿ. ಆ ಪಟ್ಟಿಯ ಆದೇಶ ವಿಫಲವಾದ್ರೆ ಕಪ್ಪು ಕಿಟಕಿಯಲ್ಲಿ ಕಾರಣ ಬರುತ್ತೆ. ಪಟ್ಟಿ ಮುಗೀತು ಅಂತ ಕಿಟಕಿ ತಕ್ಷಣ ಮುಚ್ಕೊಳ್ಳುತ್ತೆ. ನಿಮಗೆ ಕಾಣೋದು ಕಣ್ಣು ಮಿಟುಕಿಸೋ ಅಷ್ಟು ಹೊತ್ತಿನ ಮಿಂಚು ಮಾತ್ರ.

ಆ ಮಿಂಚನ್ನ ಹಿಡಿಯೋದು ಹೀಗೆ. ಆ ಫೈಲ್ ಇರೋ ಫೋಲ್ಡರ್ ತೆಗೀರಿ. ಮೇಲಿನ ವಿಳಾಸದ ಪಟ್ಟಿಯಲ್ಲಿ ಕ್ಲಿಕ್ ಮಾಡಿ ಸಿ, ಎಂ, ಡಿ ಮೂರಕ್ಷರ ಟೈಪ್ ಮಾಡಿ ಎಂಟರ್ ಒತ್ತಿ. ಕಪ್ಪು ಕಿಟಕಿ ಬರುತ್ತೆ. ಬ್ಯಾಟ್ ಫೈಲನ್ನ ಎಳೆದು ಅದರೊಳಗೆ ಬಿಡಿ, ಮತ್ತೆ ಎಂಟರ್. ಈ ಸಲ ಕಿಟಕಿ ನೀವೇ ತೆಗೆದಿದ್ದು, ಹಾಗಾಗಿ ಸಾಮಾನ್ಯವಾಗಿ ಮುಚ್ಚಲ್ಲ. ಬಂದ ಸಾಲು ಅಲ್ಲೇ ಉಳಿಯುತ್ತೆ.

ಜಾವಾ ಅನ್ನೋ ಆದೇಶವೇ ಗೊತ್ತಿಲ್ಲ ಅಂತ ಬಂದ್ರೆ: ಜಾವಾ ಹಾಕಿಲ್ಲ, ಇಲ್ಲಾ ಅದು ಎಲ್ಲಿದೆ ಅಂತ ವಿಂಡೋಸ್‌ಗೆ ಹೇಳಿಲ್ಲ.

‘ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್’ ಅಂತ ಬಂದ್ರೆ: ಇರೋ ಜಾವಾ ಹಳೇದು. ಜೊತೆಗೆ ಒಂದು ಸಂಖ್ಯೆ ಇರುತ್ತೆ. 52 ಅಂದ್ರೆ ಜಾವಾ 8, 61 ಅಂದ್ರೆ ಜಾವಾ 17, 65 ಅಂದ್ರೆ ಜಾವಾ 21. ಯಾವುದು ಬೇಕು ಅಂತ ಅದೇ ಹೇಳ್ತಿದೆ.

ಇನ್ನೊಂದು ವಿಷಯ. ಜಾರ್ ಫೈಲನ್ನ ಡಬಲ್ ಕ್ಲಿಕ್ ಮಾಡಿದ್ರೆ ವಿಂಡೋಸ್ ಅದನ್ನ ‘ಜಾವಾಡಬ್ಲ್ಯೂ’ ಮೂಲಕ ಓಡಿಸುತ್ತೆ. ಜಾವಾ, ಜಾವಾಡಬ್ಲ್ಯೂ ಎರಡರ ಕೆಲಸವೂ ಒಂದೇ. ಆದ್ರೆ ಆ ಡಬ್ಲ್ಯೂ ಸೇರಿದ್ರೆ ಕಪ್ಪು ಕಿಟಕಿ ಇರಲ್ಲ, ಅದರ ಜೊತೆ ದೋಷದ ಸಾಲೂ ಹೋಗುತ್ತೆ. ನೋಡೋಕೆ ಚೆನ್ನಾಗಿರಲಿ ಅಂತ ಮಾಡಿದ್ದು. ಕೆಟ್ಟಾಗ ಕುರುಡಾಗೋದು ನಾವು.

3/4

ಬೇರೆ ವಿಂಡೋಸ್ ಪ್ರೋಗ್ರಾಂಗಳಿಗೆ ಈ ಉಪಾಯ ಎಲ್ಲ ಸಲ ನಡೆಯಲ್ಲ. ಚಿತ್ರದ ಕಿಟಕಿ ಇರೋ ಪ್ರೋಗ್ರಾಂಗಳು ಸಾಮಾನ್ಯವಾಗಿ ಕಪ್ಪು ಕಿಟಕಿಗೆ ಮಾತೇ ಆಡಲ್ಲ. ಅಂಥದಕ್ಕೆ ಸ್ಟಾರ್ಟ್ ಮೆನುವಿನಲ್ಲಿ ‘ಈವೆಂಟ್ ವ್ಯೂವರ್’ ಹುಡುಕಿ, ವಿಂಡೋಸ್ ಲಾಗ್ಸ್, ಅದರಲ್ಲಿ ಅಪ್ಲಿಕೇಶನ್. ನೀವು ಕ್ಲಿಕ್ ಮಾಡಿದ ಹೊತ್ತಿಗೆ ಸರಿಯಾಗಿ ಕೆಂಪು ಗುರುತಿನ ಸಾಲು ಇದೆಯಾ ನೋಡಿ. 1000 ಸಂಖ್ಯೆಯ ಸಾಲಾದ್ರೆ ಯಾವ ಪ್ರೋಗ್ರಾಂ ಬಿತ್ತು, ಯಾವ ಭಾಗದಲ್ಲಿ ಬಿತ್ತು, ಎರಡೂ ಇರುತ್ತೆ. 1026 ಆದ್ರೆ ಅದು ಡಾಟ್‌ನೆಟ್ ಪ್ರೋಗ್ರಾಂ. ಇದು ಗೋಜಲು ಅನ್ನಿಸಿದ್ರೆ ‘ರಿಲಯಬಿಲಿಟಿ’ ಅಂತ ಹುಡುಕಿ. ದಿನದ ಲೆಕ್ಕದಲ್ಲಿ, ಕ್ಯಾಶ್ ಬುಕ್ ಥರ, ಕೆಂಪು ಗುರುತು ಹಾಕಿ ತೋರಿಸುತ್ತೆ.

ಉಬುಂಟು ಥರದ ಲಿನಕ್ಸ್ ಇದ್ರೆ ಇನ್ನೂ ಸುಲಭ. ಐಕಾನ್ ಬಿಟ್ಟು ಟರ್ಮಿನಲ್ಲಲ್ಲಿ ಪ್ರೋಗ್ರಾಂ ಹೆಸರು ಟೈಪ್ ಮಾಡಿ. ಬೈಗುಳ ಏನಿದ್ರೂ ನಿಮ್ಮ ಮುಂದೆಯೇ ಬೀಳುತ್ತೆ.

ಡಿಎಲ್‌ಎಲ್ ಸಿಗಲಿಲ್ಲ ಅನ್ನೋ ಡಬ್ಬಿ ಬಂದ್ರೆ ದಯವಿಟ್ಟು ‘ಡಿಎಲ್‌ಎಲ್ ಡೌನ್‌ಲೋಡ್’ ಅಂತ ಹುಡುಕಿ ಸಿಕ್ಕ ಸಿಕ್ಕ ಸೈಟಿಂದ ಇಳಿಸ್ಕೋಬೇಡಿ. ಬ್ಯಾಂಕ್ ಪಾಸ್‌ವರ್ಡ್, ಡಿಜಿಟಲ್ ಸಹಿ ಎಲ್ಲ ಇರೋ ಆಫೀಸ್ ಕಂಪ್ಯೂಟರದು. ವಿಸಿ ರನ್‌ಟೈಮ್ 140 ಅಂತಿದ್ರೆ ಮೈಕ್ರೋಸಾಫ್ಟ್‌ನದೇ ಸೈಟಲ್ಲಿ ವಿಷುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಸಿಗುತ್ತೆ.

ಈ ಸಮಸ್ಯೆ ಹೊಸದಲ್ಲ. 1970ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಕಟ್ಟಿದವರು ಫೋಟೊ ಟೈಪ್‌ಸೆಟ್ಟರ್‌ನಲ್ಲಿ ಪುಟ ಅಚ್ಚು ಮಾಡ್ತಿದ್ರು. ಕಾಗದವನ್ನ ರಾಸಾಯನಿಕದ ಯಂತ್ರಕ್ಕೆ ಹಾಕಿ ನಿಮಿಷಗಟ್ಟಲೆ ಕಾಯಬೇಕು. ಕಾದು ನೋಡಿದ್ರೆ ಫೈಲ್ ತೆಗೆಯೋಕಾಗಲಿಲ್ಲ ಅನ್ನೋ ಒಂದೇ ಸಾಲು, ಅಂದವಾಗಿ ಅಚ್ಚಾಗಿ ಬಂದಿರೋದು. ಎಲ್ಲರೂ ಗೊಣಗಿದ್ರು. ಕೆಲವೇ ದಿನದಲ್ಲಿ ದೋಷದ ಮಾತಿಗೆ ಅಂತಲೇ ಬೇರೆ ದಾರಿ ಮಾಡಿದ್ರು ಅಂತ ಅಲ್ಲಿದ್ದವರೇ ಹೇಳಿದ್ದಾರೆ. ಅದೇ ಇವತ್ತಿನ ‘ಸ್ಟ್ಯಾಂಡರ್ಡ್ ಎರರ್’. ಮನುಷ್ಯ ಓದಲಿ ಅಂತ ತೆಗೆದ ದಾರಿ ಅದು. ಐಕಾನ್ ಬಂದ ಮೇಲೆ ಆ ದಾರಿಯ ಕೊನೆಯಲ್ಲಿ ಮನುಷ್ಯನೇ ಇಲ್ಲ.

4/4

"ರೀಇನ್‌ಸ್ಟಾಲ್ ಮಾಡಿದ್ರೆ ಸರಿಹೋಗುತ್ತಲ್ಲ, ಇಷ್ಟೆಲ್ಲ ಯಾಕೆ?" ಅಂತ ಕೇಳಬಹುದು. ಕೆಲವು ಸಲ ಸರಿಹೋಗುತ್ತೆ, ನಿಜ. ಆದ್ರೆ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗಲಿಲ್ಲ ಅಂತ ನಾವು ಲೆಡ್ಜರ್ ಹರಿದುಹಾಕಿ ಮೊದಲಿಂದ ಬರೀತೀವಾ? ವ್ಯತ್ಯಾಸದ ಮೊತ್ತ ನೋಡ್ತೀವಿ, ಅರ್ಧ ಮಾಡ್ತೀವಿ, ಒಂಬತ್ತರಿಂದ ಭಾಗ ಹೋಗುತ್ತಾ ನೋಡ್ತೀವಿ. ಕಾರಣ ಹುಡುಕೋ ಈ ಅಭ್ಯಾಸ ಕಾಮರ್ಸ್‌ನವರಿಗೆ ಮೊದಲೇ ಇದೆ. ಕಂಪ್ಯೂಟರ್ ಮುಂದೆ ಮಾತ್ರ ಅದನ್ನ ಯಾಕೆ ಮರೀತೀವಿ?

"ಇಂಗ್ಲಿಷಲ್ಲಿ ಇರುತ್ತೆ, ಅರ್ಥ ಆಗಲ್ಲ." ಈ ಮಾತಲ್ಲಿ ನ್ಯಾಯ ಇದೆ. ಕನ್ನಡ ಮೀಡಿಯಂನಿಂದ ಬಂದವರಿಗೆ ಆ ಸಾಲು ನೋಡಿದ್ರೆ ಹೆದರಿಕೆ ಆಗೋದು ಸಹಜ. ಸರ್ಕಾರದ ಕೆಲಸಕ್ಕೆ ಬಳಸೋ ತಂತ್ರಾಂಶದಲ್ಲಾದ್ರೂ ಏನು ಸಿಗಲಿಲ್ಲ, ಏನು ಮಾಡಬೇಕು ಅಂತ ಕನ್ನಡದಲ್ಲಿ ಒಂದು ಡಬ್ಬಿ ಬರಬೇಕು. ಜೊತೆಗೆ ದೋಷದ ಸಂಖ್ಯೆ ಹಾಗೇ ಇರಬೇಕು, ಯಾಕಂದ್ರೆ ಸಂಖ್ಯೆ ಎಲ್ಲ ಭಾಷೆಯಲ್ಲೂ ಒಂದೇ, ಹುಡುಕೋಕೆ ಬರುತ್ತೆ. ಅದು ಬರೋವರೆಗೂ ಸಾಲನ್ನ ಕಾಪಿ ಮಾಡಿ ಅನುವಾದಕ್ಕೆ ಹಾಕಿ. ಓದದೆ ಮುಚ್ಚೋದಕ್ಕಿಂತ ಅದು ವಾಸಿ.

ಕಾಲೇಜುಗಳಿಗೆ ಒಂದು ಬೇಡಿಕೆ. ಟ್ಯಾಲಿ ಪ್ರಾಕ್ಟಿಕಲ್‌ನಲ್ಲಿ ಒಂದೇ ಒಂದು ಗಂಟೆ ಇದಕ್ಕೆ ಕೊಡಿ. ಒಂದು ಮಷೀನ್‌ನಲ್ಲಿ ಜಾವಾ ತೆಗೆದುಹಾಕಿ, "ಆರ್‌ಪಿಯು ಯಾಕೆ ಬರ್ತಿಲ್ಲ, ಕಂಡುಹಿಡೀರಿ" ಅನ್ನಿ. ಸಿಲಬಸ್ ಬದಲಾಯಿಸಬೇಕಾಗಿಲ್ಲ, ಖರ್ಚೂ ಇಲ್ಲ.

ನಿಮಗೂ ಒಂದು. ಇನ್ಮೇಲೆ ಗ್ರೂಪಲ್ಲಿ ಸಹಾಯ ಕೇಳೋವಾಗ ಮೂರು ವಿಷಯ ಹಾಕಿ: ಯಾವ ಪ್ರೋಗ್ರಾಂ ಯಾವ ವರ್ಷನ್, ನೀವೇನು ಮಾಡಿದ್ರಿ, ಬಂದ ಸಾಲು ಅಕ್ಷರ ಅಕ್ಷರ ಏನು. ಸ್ಕ್ರೀನಿನ ಅಲ್ಲಾಡಿದ ಫೋಟೊ ಬೇಡ, ಟೈಪ್ ಮಾಡಿ. ಹಾಕೋ ಮುಂಚೆ ಯಾರದಾದ್ರೂ ಪ್ಯಾನ್, ಹೆಸರು ಇದೆಯಾ ನೋಡಿ ಅಳಿಸಿ. ಹೀಗೆ ಕೇಳಿದ್ರೆ ಉತ್ತರ ಕೊಡೋಕೆ ಬರುತ್ತೆ. ಬರೀ "ಓಪನ್ ಆಗ್ತಿಲ್ಲ" ಅಂದ್ರೆ ಎದುರಿನವರೂ "ರೀಸ್ಟಾರ್ಟ್ ಮಾಡಿ" ಅನ್ನೋದು ಬಿಟ್ಟು ಇನ್ನೇನು ಹೇಳ್ತಾರೆ?

ನಿಮಗೆ ಬಂದ ದೋಷದ ಸಾಲು ಕಮೆಂಟಲ್ಲಿ ಹಾಕಿ. ಗೊತ್ತಿರೋದಕ್ಕೆ ನಾನು ಹೇಳ್ತೀನಿ, ಗೊತ್ತಿಲ್ಲದ್ದನ್ನ ಸೇರಿ ಹುಡುಕೋಣ.

#ಕಾಮರ್ಸ್‌ಕನ್ನಡ #ವೇಮಗಲ್ #ಕೋಲಾರ #ಬಿಕಾಂ