ನೋಡದ ಚಿತ್ರಕ್ಕೆ ಒಂಬತ್ತನೆಯ ಸ್ಥಾನ

ಪಡೀಲಿನಲ್ಲಿರುವ ಮಂಗಳೂರು ಜಂಕ್ಷನ್ ನಿಲ್ದಾಣಕ್ಕೆ ಮೊನ್ನೆ ಗಾಡಿ ತಡವಾಗಿ ಬಂದಿತು. ಪಕ್ಕದ ಬೆಂಚಿನಲ್ಲಿ ವಿದ್ಯಾರ್ಥಿಗಳು ಕೆಲವರು ಎಪ್ಪತ್ತರ ದಶಕದ ಕನ್ನಡ ಚಿತ್ರಗಳಿಗೆ ಸ್ಥಾನ ಹಂಚುತ್ತಿದ್ದರು. 1972ರ ‘ಬಂಗಾರದ ಮನುಷ್ಯ’ಕ್ಕೆ ಅಗ್ರಪೀಠ, ಇರಲಿ, ಜನ ಮೆಚ್ಚಿದ ಚಿತ್ರ. ಶಿವರಾಮ ಕಾರಂತರ ಕಾದಂಬರಿಯಿಂದ ಬಿ.ವಿ. ಕಾರಂತರು 1975ರಲ್ಲಿ ತೆರೆಗೆ ತಂದ ‘ಚೋಮನ ದುಡಿ’ಗೆ ಒಂಬತ್ತನೆಯದು, ಅದೂ ಸ್ವರ್ಣಕಮಲದ ದಾಕ್ಷಿಣ್ಯಕ್ಕಾಗಿ. ನೋಡಿದವರಾರೆಂದು ಕೇಳಿದೆ. ಒಬ್ಬನೂ ಇಲ್ಲ! (ಓದದೆಯೇ ಅಭಿಪ್ರಾಯ ಕೊಡುವ ಚಾಳಿ ನಮ್ಮ ಸಾಹಿತಿಗಳಲ್ಲಿಯೂ ಉಂಟು.) ಎರಡೂ ಬೇಸಾಯದ ಕಥೆಗಳೇ. ರಾಜೀವನು ಬರಡು ನೆಲವನ್ನು ಹಸನುಗೊಳಿಸಿ ಬೆಳೆ ತೆಗೆಯುತ್ತಾನೆ. ಚೋಮನಿಗೆ ಎತ್ತುಗಳಿವೆ, ತೋಳಿನಲ್ಲಿ ಕಸುವಿದೆ, ಅಸ್ಪೃಶ್ಯನೆಂಬ ಕಾರಣಕ್ಕೆ ಉಳಲು ಅಂಗೈಯಗಲ ಗದ್ದೆಯಿಲ್ಲ. ಆ ಚೋಮ ಈ ಜಿಲ್ಲೆಯವನೇ. ಎರಡನ್ನೂ ನೋಡಿ ಆಮೇಲೆ ಜಗಳವಾಡಿರೆಂದೆ. ಗಾಡಿ ಬಂದಿತು, ಪಟ್ಟಿ ಹಿಡಿದಿದ್ದ ಹುಡುಗ ಒಂಬತ್ತನ್ನು ಹೊಡೆದುಹಾಕಿ, ಬೇರೆ ಸಂಖ್ಯೆ ಬರೆಯದೆ ಡಬ್ಬಿ ಹತ್ತಿದ.