ನಿಲ್ಲಿಸಬಲ್ಲವನೇ ಸವಾರ

ಮನೆಯಲ್ಲಿ ಹದಿನೆಂಟು ತುಂಬಿದ ಮಗನೋ ಮಗಳೋ ಇದ್ದರೆ ಒಂದಲ್ಲ ಒಂದು ಸಂಜೆ ಮೋಟಾರು ಸೈಕಲ್ಲಿನ ಪ್ರಸ್ತಾಪ ಎದ್ದೇ ಏಳುತ್ತದೆ. ಕಾಫಿಯ ಲೋಟ ಬರಿದಾಗುವುದರೊಳಗೆ ಮನೆಯಲ್ಲಿ ಪಕ್ಷಗಳಾಗಿಬಿಡುತ್ತವೆ. ತಂದೆ ಬೆಲೆಯನ್ನು ವಿಚಾರಿಸುತ್ತಾರೆ. ತಾಯಿ ಬೆಲೆಯ ಮಾತನ್ನೇ ಎತ್ತದೆ, ಬೇಡವೆಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅಜ್ಜಿ ದೇವರ ಮನೆಯತ್ತ ಕಣ್ಣು ಹಾಯಿಸುತ್ತಾರೆ. ತಂಗಿಯಾದವಳು, ತನ್ನನ್ನು ದಿನವೂ ಕಾಲೇಜಿಗೆ ಬಿಡಬೇಕೆಂಬ ಕರಾರಿನ ಮೇಲೆ ಮಾತ್ರ, ಅಣ್ಣನ ಪಕ್ಷವನ್ನು ವಹಿಸುತ್ತಾಳೆ. ಈ ವ್ಯಾಜ್ಯದಲ್ಲಿ ತೀರ್ಪು ಹೇಳುವುದು ನನ್ನ ಅಧಿಕಾರಕ್ಕೆ ಮೀರಿದ್ದು. ಆದರೆ ವರ್ಷವರ್ಷವೂ ಇಂಥ ಮನೆಗಳ ಮಕ್ಕಳನ್ನೇ ಎದುರಿಗಿಟ್ಟುಕೊಂಡು ಪಾಠ ಹೇಳುವವನಾದ್ದರಿಂದ ಎರಡು ಪಕ್ಷಗಳ ವಾದವನ್ನೂ ಸಾಕಷ್ಟು ಕೇಳಿದ್ದೇನೆ.

ತಾಯಿಯ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಸಚಿವಾಲಯವು ಪ್ರಕಟಿಸಿದ ಲೆಕ್ಕದಂತೆ, ೨೦೨೨ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ೧,೬೮,೪೯೧ ಮಂದಿ ಮಡಿದರು. ಅವರಲ್ಲಿ ನೂರಕ್ಕೆ ಸುಮಾರು ೪೪ ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು. ಶಿರಸ್ತ್ರಾಣವಿಲ್ಲದೆ ಪ್ರಾಣ ಬಿಟ್ಟವರೇ ೫೦,೦೨೯. ಒಂದು ಸಾಧಾರಣ ಪಟ್ಟಣದ ಜನಸಂಖ್ಯೆ ಅದು. ಉಪಾಧ್ಯಾಯನಾದವನಿಗೆ ಈ ಅಂಕಿಗಳು ಬೇರೊಂದು ರೂಪದಲ್ಲಿ ಎದುರಾಗುತ್ತವೆ. ಹಾಜರಿಪಟ್ಟಿಯಲ್ಲಿ ಒಂದು ಹೆಸರಿನ ಮೇಲೆ ಗೆರೆ ಎಳೆಯಬೇಕಾಗಿ ಬಂದ ದಿನ, ಆ ಹೆಸರಿನ ಮುಂದಿನದನ್ನು ಕೂಗಲು ನಾಲಗೆ ಏಳುವುದಿಲ್ಲ.

ಹಾಗೆಂದು ಮಕ್ಕಳ ವಾದವೂ ಪೊಳ್ಳಲ್ಲ. ಬಸ್ಸು ಹೋಗದ ಬಡಾವಣೆಯಲ್ಲಿ ಮನೆ, ಊರಾಚೆಯ ಕಾರ್ಖಾನೆಯಲ್ಲಿ ಮೊದಲ ನೌಕರಿ, ರಾತ್ರಿ ಒಂಬತ್ತಕ್ಕೆ ಮುಗಿಯುವ ಕೆಲಸ, ಇವುಗಳ ನಡುವೆ ಸ್ವಂತ ವಾಹನವು ವಿಲಾಸವಾಗಿ ಉಳಿದಿಲ್ಲ. ಸ್ವಂತ ವಾಹನವುಳ್ಳ ಮಗಳು ಯಾರ ದಾರಿಯನ್ನೂ ಕಾಯಬೇಕಾಗಿಲ್ಲ. ಆದ್ದರಿಂದ ಬಹಳ ಮನೆಗಳಲ್ಲಿ ವಾಹನವು ಇಂದಲ್ಲ ನಾಳೆ ಬಂದೇ ಬರುತ್ತದೆ. ಉಳಿಯುವ ಪ್ರಶ್ನೆಗಳು ಎರಡು: ಯಾವುದು ಬರಬೇಕು, ಅದನ್ನು ಹೇಗೆ ಕಲಿಯಬೇಕು. ಓಡಿಸುವುದನ್ನು ತರುಣನೊಬ್ಬ ಒಂದು ದಿನದಲ್ಲಿ ಕಲಿತಾನು. ನಿಲ್ಲಿಸುವುದನ್ನು ಕಲಿಯಲು ತಿಂಗಳುಗಳು ಬೇಕು. ಕೊಳ್ಳುವಾಗಲೂ ಕಲಿಯುವಾಗಲೂ ಈ ಎರಡನೆಯ ವಿದ್ಯೆಯನ್ನೇ ಕಣ್ಣ ಮುಂದಿಟ್ಟುಕೊಳ್ಳಬೇಕೆಂಬುದು ನನ್ನ ಮತ.

ಮೊದಲು ವಯಸ್ಸಿನ ಮಾತು. ೧೯೮೮ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಗೇರಿನ ಮೋಟಾರು ಸೈಕಲ್ಲನ್ನು ಓಡಿಸಲು ೧೮ ವರ್ಷ ತುಂಬಿರಬೇಕು. ೧೬ ತುಂಬಿದವರಿಗೆ ಅವಕಾಶವಿರುವುದು ೫೦ ಸಿಸಿಯನ್ನು ಮೀರದ ಎಂಜಿನ್ನಿನ ವಾಹನಕ್ಕೆ ಮಾತ್ರ. ೨೦೧೯ರಲ್ಲಿ ಕಾಯಿದೆಗೆ ತಿದ್ದುಪಡಿಯಾದ ಮೇಲೆ, ಬಾಲಕನ ಕೈಯಲ್ಲಿ ವಾಹನ ಕೊಟ್ಟು ಅವನಿಂದ ಅಪರಾಧವಾದರೆ ತಂದೆತಾಯಿಗಳಿಗೆ ಅಥವಾ ವಾಹನದ ಯಜಮಾನನಿಗೆ ೨೫,೦೦೦ ರೂಪಾಯಿ ದಂಡವನ್ನೂ ಮೂರು ವರ್ಷಗಳವರೆಗಿನ ಸೆರೆವಾಸವನ್ನೂ ವಿಧಿಸಬಹುದು. ‘ಹತ್ತನೆಯ ತರಗತಿಗೇ ನಮ್ಮ ಹುಡುಗ ಬೈಕು ಬಿಡುತ್ತಾನೆ’ ಎಂದು ನೆಂಟರ ಮುಂದೆ ಹೆಮ್ಮೆ ಪಡುವ ಹಿರಿಯರು ಇದನ್ನು ಒಮ್ಮೆ ನೆನೆಯುವುದು ಲೇಸು.

ಇನ್ನು ಆಯ್ಕೆ. ಇಲ್ಲಿ ತಂದೆಯವರ ಸ್ಮರಣೆಗಳು ಅಡ್ಡ ಬರುವುದುಂಟು. ಮೈಸೂರಿನಲ್ಲಿ ೧೯೬೧ರಿಂದ ಜಾವಾ ಮೋಟಾರು ಸೈಕಲ್ಲುಗಳು ತಯಾರಾಗತೊಡಗಿದವು. ಮುಂದೆ ಅವೇ ಯೆಜ್ಡಿ ಎಂಬ ಹೆಸರಿನಿಂದ ಮನೆಮಾತಾದವು. ೧೯೯೬ರಲ್ಲಿ ಆ ಕಾರ್ಖಾನೆ ಮುಚ್ಚಿದರೂ ಅದರ ಸದ್ದು ಹಳೆಯ ಮೈಸೂರಿನ ಜನರ ಕಿವಿಯಿಂದ ಇಳಿದಿಲ್ಲ. ಅದರಲ್ಲಿ ಎಡಗಡೆಯ ಒಂದೇ ಸನ್ನೆಯಿಂದ ಎಂಜಿನ್ನನ್ನು ಒದ್ದು ಎಬ್ಬಿಸಿ, ಅದನ್ನೇ ಮುಂದಕ್ಕೆ ಮಡಿಸಿ ಗೇರು ಹಾಕಬಹುದಾಗಿತ್ತು. ಹಳೆಯ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈಗಿನ ವಾಹನಗಳಲ್ಲಿ ಇದು ತಿರುವುಮುರುವು. ಹಿರಿಯರ ನೆನಪಿನ ಗಾಡಿಯನ್ನು ದುರಸ್ತಿಮಾಡಿಸಿ ಮಗನಿಗೆ ಕೊಡುವುದು ಮಮತೆಯ ಕೆಲಸ. ಆದರೆ ಮೊದಲ ಪಾಠಕ್ಕೆ ಅದು ತಕ್ಕುದಲ್ಲ. ಗಾಬರಿಯ ಗಳಿಗೆಯಲ್ಲಿ ಕಾಲು ಯೋಚಿಸುವುದಿಲ್ಲ, ಅಭ್ಯಾಸವಾದದ್ದನ್ನೇ ತುಳಿಯುತ್ತದೆ. ಬಲಗಾಲಿಗೆ ಗೇರನ್ನು ಕಲಿಸಿದವನು ನಾಳೆ ಗೆಳೆಯನ ಹೊಸ ಗಾಡಿಯ ಮೇಲೆ ಎಡಗಾಲಿನಲ್ಲಿ ಬ್ರೇಕನ್ನು ಹುಡುಕಿಯಾನು.

ಹಾಗಾದರೆ ಯಾವುದನ್ನು ನೋಡಬೇಕು? ಮೊದಲನೆಯದು ಎತ್ತರ. ಆಸನದ ಮೇಲೆ ಕುಳಿತಾಗ ಎರಡು ಅಂಗಾಲುಗಳೂ ನೆಲಕ್ಕೆ ಪೂರ್ತಿಯಾಗಿ ಊರಬೇಕು. ಎರಡನೆಯದು ತೂಕ. ಹೀರೋ ಸ್ಪ್ಲೆಂಡರ್ ಪ್ಲಸ್ ಸುಮಾರು ೧೧೨ ಕಿಲೋಗ್ರಾಂ ತೂಗುತ್ತದೆ. ರಾಯಲ್ ಎನ್‌ಫೀಲ್ಡಿನ ಕ್ಲಾಸಿಕ್ ೩೫೦ ಸುಮಾರು ೧೯೫ ಕಿಲೋಗ್ರಾಂ. ನಡುವಣ ವ್ಯತ್ಯಾಸ ಒಬ್ಬ ದಪ್ಪ ಮನುಷ್ಯನ ತೂಕದಷ್ಟಾಯಿತು. ಓಡುವಾಗ ಈ ಭಾರ ತಿಳಿಯುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸುವಾಗ, ಮನೆಯ ಮುಂದಿನ ಮೋರಿಯ ಕಲ್ಲಿನ ಮೇಲೆ ಹಿಂದಕ್ಕೆ ತಳ್ಳುವಾಗ, ಜಲ್ಲಿಯ ಮೇಲೆ ಒಂದು ಕಾಲು ಜಾರಿದಾಗ ತಿಳಿಯುತ್ತದೆ. ಹೊಸಬನು ಬೀಳುವುದು ಬಹುಮಟ್ಟಿಗೆ ನಿಂತಲ್ಲಿಯೇ. ಆದ್ದರಿಂದ ಅಂಗಡಿಯಲ್ಲಿ ಬಣ್ಣವನ್ನು ನೋಡುವ ಮೊದಲು ಗಾಡಿಯನ್ನು ಸ್ಟ್ಯಾಂಡಿನಿಂದ ಎತ್ತಿ, ಹತ್ತು ಹೆಜ್ಜೆ ಮುಂದಕ್ಕೂ ಹತ್ತು ಹೆಜ್ಜೆ ಹಿಂದಕ್ಕೂ ಸ್ವತಃ ತಳ್ಳಿ ನೋಡತಕ್ಕದ್ದು. ಉಬ್ಬಸವಾದರೆ ಬೇರೆಯದನ್ನು ಕೇಳತಕ್ಕದ್ದು.

ಮೂರನೆಯದು ಬ್ರೇಕು. ೨೦೧೯ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ ೧೨೫ ಸಿಸಿಗಿಂತ ದೊಡ್ಡ ಎಂಜಿನ್ನಿನ ಹೊಸ ದ್ವಿಚಕ್ರ ವಾಹನಗಳಿಗೆಲ್ಲ ಎಬಿಎಸ್ ಎಂಬ ವ್ಯವಸ್ಥೆ ಕಡ್ಡಾಯವಾಗಿದೆ. ಗಾಬರಿಯಿಂದ ಬ್ರೇಕನ್ನು ಬಿಗಿಯಾಗಿ ಹಿಡಿದಾಗ ಚಕ್ರವು ಸೆಟೆದು ಜಾರತೊಡಗುತ್ತದೆ. ಎಬಿಎಸ್ ಆ ಹಿಡಿತವನ್ನು ಕ್ಷಣಕ್ಷಣಕ್ಕೂ ಸಡಿಲಿಸಿ ಮತ್ತೆ ಬಿಗಿದು, ಚಕ್ರವು ಉರುಳುತ್ತಲೇ ನಿಧಾನವಾಗುವಂತೆ ಮಾಡುತ್ತದೆ. ಸಣ್ಣ ವಾಹನಗಳಲ್ಲಿ ಸಾಮಾನ್ಯವಾಗಿ ಒಂದೇ ಬ್ರೇಕನ್ನು ಒತ್ತಿದರೂ ಎರಡು ಚಕ್ರಗಳಿಗೂ ಹಿಡಿತ ಹಂಚಿಹೋಗುವ ಏರ್ಪಾಟಿರುತ್ತದೆ. ಕೊಳ್ಳುವವರು ಮೈಲೇಜನ್ನು ಹತ್ತು ಸಲ ಕೇಳುತ್ತಾರೆ. ಬ್ರೇಕನ್ನೂ ಒಂದು ಸಲ ಕೇಳಲಿ.

ಹಳೆಯ ಗಾಡಿಯನ್ನು ಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಕಲಿಯುವವನ ಕೈಯಲ್ಲಿ ಗಾಡಿ ಒಂದೆರಡು ಸಲ ಮಲಗಿಯೇ ಮಲಗುತ್ತದೆ. ಹೊಸ ಬಣ್ಣ ಕಿತ್ತರೆ ಮನೆಯಲ್ಲಿ ಒಂದು ವಾರ ಮಾತುಕತೆ ನಿಲ್ಲುತ್ತದೆ. ಹಳೆಯದಾದರೆ ಗೀರುಗಳ ನಡುವೆ ಇನ್ನೊಂದು ಗೀರು. ಆದರೆ ಮುಂದಿನ ಚಕ್ರವೂ ಹಿಡಿಯೂ ಒಂದೇ ನೇರದಲ್ಲಿವೆಯೇ, ಟೈರಿನ ಗೆರೆಗಳು ಸವೆದಿವೆಯೇ, ಚೈನಿನ ಹಲ್ಲುಗಳು ಮೊನಚಾಗಿವೆಯೇ ಎಂಬುದನ್ನು ಬಲ್ಲವರಿಂದ ಪರೀಕ್ಷಿಸಬೇಕು. ನೋಂದಣಿ ಪತ್ರವನ್ನೂ ವಿಮೆಯನ್ನೂ ನೋಡಬೇಕು. ಹೊಸದಾಗಲಿ ಹಳೆಯದಾಗಲಿ, ಗಾಡಿಯ ಬೆಲೆಯೊಡನೆ ಶಿರಸ್ತ್ರಾಣದ ಬೆಲೆಯನ್ನೂ ಮೊದಲೇ ಕೂಡಿಸಿಡತಕ್ಕದ್ದು, ಹಿಂದೆ ಕೂರುವವರದನ್ನೂ ಸೇರಿಸಿ. ಐಎಸ್‌ಐ ಗುರುತಿಲ್ಲದ ಶಿರಸ್ತ್ರಾಣಗಳ ಮಾರಾಟವನ್ನು ೨೦೨೧ರ ಜೂನಿನಿಂದ ನಿಷೇಧಿಸಲಾಗಿದೆ. ಆದರೂ ರಸ್ತೆಯ ಬದಿಯಲ್ಲಿ ಟೋಪಿಯಂಥವು ನೇತಾಡುತ್ತಲೇ ಇರುತ್ತವೆ. ಗಲ್ಲದ ಪಟ್ಟಿಯನ್ನು ಬಿಗಿಯದ ಶಿರಸ್ತ್ರಾಣವು ತಲೆಗಿಂತ ಮೊದಲೇ ಹಾರಿಹೋಗುತ್ತದೆಂಬುದನ್ನು ಮನೆಯವರೆಲ್ಲ ನೆನಪಿಡಲಿ.

ಗಾಡಿ ಬಂತು, ಪೂಜೆಯಾಯಿತು, ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಇನ್ನು ಕಲಿಕೆ. ಲೋಕದ ಮೊದಲ ಮೋಟಾರು ಸೈಕಲ್ಲೆಂದು ಹೆಸರಾದ, ೧೮೮೫ರಲ್ಲಿ ಜರ್ಮನಿಯ ಡೈಮ್ಲರ್ ಮತ್ತು ಮೈಬಾಕ್ ನಿರ್ಮಿಸಿದ ಮರದ ವಾಹನಕ್ಕೆ ಇಬ್ಬದಿಯಲ್ಲಿಯೂ ಒಂದೊಂದು ಪುಟ್ಟ ಗಾಲಿಯ ಆಸರೆಯಿತ್ತು. ಮಕ್ಕಳ ಸೈಕಲ್ಲಿಗೆ ನಾವಿಂದು ಕಟ್ಟಿಸುವ ಆಸರೆಯಂಥದೇ ಅದು. ಕಲಿಯುವವನು ನಾಚಿಕೊಳ್ಳಲು ಕಾರಣವೇ ಇಲ್ಲ. ಕಲಿಕೆಯ ಪರವಾನಗಿ ಆರು ತಿಂಗಳು ನಡೆಯುತ್ತದೆ. ಮೂವತ್ತು ದಿನಗಳಾಗದೆ ಪಕ್ಕಾ ಪರವಾನಗಿಗೆ ಪರೀಕ್ಷೆಯಿಲ್ಲ. ಆ ಮೂವತ್ತು ದಿನಗಳನ್ನು ಸರ್ಕಾರವು ಸುಮ್ಮನೆ ಇಟ್ಟಿಲ್ಲ.

ಭಾನುವಾರದ ಬೆಳಗಿನಲ್ಲಿ ಬರಿದಾದ ಮೈದಾನವೊಂದನ್ನು ಆರಿಸಿಕೊಳ್ಳಬೇಕು. ಮೊದಲ ದಿನ ಕ್ಲಚ್ಚಿನ ಪರಿಚಯ ಸಾಕು. ಕ್ಲಚ್ಚನ್ನು ಬಿಡುತ್ತ ಬಂದಂತೆ ಒಂದು ಹಂತದಲ್ಲಿ ಎಂಜಿನ್ನಿನ ಧ್ವನಿ ತುಸು ತಗ್ಗಿ ಗಾಡಿಯು ಮುಂದಕ್ಕೆ ಮಿಸುಕುತ್ತದೆ. ಆ ಒಂದು ಬೆರಳಗಲದ ಅಂತರದಲ್ಲಿಯೇ ಎಲ್ಲ ಜಾಣ್ಮೆಯೂ ಅಡಗಿದೆ. ಅಲ್ಲಿ ಕೈ ನಿಲ್ಲಿಸಿ, ನಡೆಯುವ ಮನುಷ್ಯನ ವೇಗದಲ್ಲಿ ಇಪ್ಪತ್ತು ಅಡಿ ಹೋಗಿ ನಿಲ್ಲುವುದು, ಮತ್ತೆ ಹೋಗುವುದು, ಮತ್ತೆ ನಿಲ್ಲುವುದು. ನೋಡುವವರಿಗೆ ಬೇಸರ ಬರುತ್ತದೆ. ಕಲಿಯುವವನ ಕೈ ಮಾತ್ರ ಪಾಠ ಒಪ್ಪಿಸಿಕೊಳ್ಳುತ್ತಿರುತ್ತದೆ.

ಎರಡನೆಯ ವಾರ ಬ್ರೇಕಿನದು. ಸೈಕಲ್ಲಿನ ಮೇಲೆ ಮುಂದಿನ ಬ್ರೇಕನ್ನು ಹಿಡಿದು ಮುಗ್ಗರಿಸಿದ ನೆನಪಿನಿಂದ ಬಹಳ ಮಂದಿ ಅದನ್ನು ಮುಟ್ಟಲೇ ಅಂಜುತ್ತಾರೆ; ಹಿಂದಿನದನ್ನು ಮಾತ್ರ ತುಳಿಯುತ್ತಾರೆ. ಇದು ತಪ್ಪು. ವೇಗ ತಗ್ಗಿದಾಗ ಗಾಡಿಯ ಭಾರವೂ ಸವಾರನ ಭಾರವೂ ಮುಂದಿನ ಚಕ್ರದ ಮೇಲೆ ವಾಲುತ್ತವೆ. ನೆಲವನ್ನು ಬಲವಾಗಿ ಹಿಡಿಯುವುದು ಆ ಚಕ್ರವೇ. ಹಗುರಾದ ಹಿಂದಿನ ಚಕ್ರವು ಸೆಟೆದು ಪಕ್ಕಕ್ಕೆ ಜಾರುತ್ತದೆ. ಎರಡನ್ನೂ ಕೂಡಿಯೇ ಬಳಸಬೇಕು. ಮುಂದಿನದನ್ನು ನಿಂಬೆಹಣ್ಣು ಹಿಂಡುವಂತೆ ಮೆಲ್ಲಗೆ ತೊಡಗಿ ಬಿಗಿಗೊಳಿಸಬೇಕು. ಗಾಡಿ ನೆಟ್ಟಗಿರುವಾಗ, ತಿರುವಿಗೆ ಮೊದಲೇ ಈ ಕೆಲಸ ಮುಗಿದಿರಬೇಕು.

ಇಲ್ಲಿ ಒಂದು ಚಿಕ್ಕ ಲೆಕ್ಕ. ಗಂಟೆಗೆ ೩೬ ಕಿಲೋಮೀಟರ್ ಎಂದರೆ ಸೆಕೆಂಡಿಗೆ ೧೦ ಮೀಟರು. ಅಡ್ಡ ಬಂದ ನಾಯಿಯನ್ನು ಕಣ್ಣು ಕಂಡು, ಮನಸ್ಸು ತಿಳಿದು, ಕೈ ಬ್ರೇಕನ್ನು ಹಿಡಿಯುವಷ್ಟರಲ್ಲಿ ಒಂದು ಸೆಕೆಂಡು ಕಳೆಯಿತೆನ್ನಿ; ಗಾಡಿ ಆಗಲೇ ಹತ್ತು ಮೀಟರು ಸಾಗಿರುತ್ತದೆ. ಆಮೇಲೆ ನಿಲ್ಲಲು ಎಂಟು ಮೀಟರು ಹಿಡಿಯಿತೆಂದರೆ ಒಟ್ಟು ೧೮. ಕ್ರಿಕೆಟ್ಟಿನ ಪಿಚ್ಚಿನ ಉದ್ದಕ್ಕಿಂತ ತುಸು ಕಡಮೆ. ಈಗ ವೇಗವನ್ನು ಇಮ್ಮಡಿಮಾಡಿ, ೭೨ ಎನ್ನಿ. ಮೊದಲ ಸೆಕೆಂಡಿಗೆ ೨೦ ಮೀಟರು. ಬ್ರೇಕಿನ ದೂರವು ಇಮ್ಮಡಿಯಾಗದೆ ನಾಲ್ಮಡಿಯಾಗುತ್ತದೆ: ಎಂಟು ಮೀಟರು ೩೨ ಆಯಿತು. ಒಟ್ಟು ೫೨, ಎರಡೂವರೆ ಪಿಚ್ಚುಗಳಿಗೂ ಹೆಚ್ಚು. ನಾಯಿಯಾದರೋ ಮೊದಲಿದ್ದಲ್ಲಿಯೇ ಇದೆ. ಎಂಜಿನ್ನಿನ ಶಕ್ತಿಯನ್ನು ಹಣ ಕೊಟ್ಟು ಹೆಚ್ಚಿಸಿಕೊಳ್ಳಬಹುದು. ಈ ಗಣಿತವನ್ನು ಬದಲಾಯಿಸುವ ಅಂಗಡಿ ಎಲ್ಲಿಯೂ ಇಲ್ಲ.

ಕಣ್ಣಿಗೂ ಒಂದು ಶಿಕ್ಷಣ ಬೇಕು. ಗುಂಡಿಯನ್ನೇ ದಿಟ್ಟಿಸುವವನು ಗುಂಡಿಯೊಳಕ್ಕೇ ಹೋಗುತ್ತಾನೆ. ದೃಷ್ಟಿ ಹೋದತ್ತ ತಲೆ, ತಲೆ ಹೋದತ್ತ ಭುಜ, ಭುಜ ಹೋದತ್ತ ಗಾಡಿ. ಹೋಗಬೇಕಾದ ದಾರಿಯನ್ನು ನೋಡಬೇಕು. ನಮ್ಮ ನಾಡಿನ ರಸ್ತೆಗಳನ್ನು ಓದುವುದಂತೂ ಬೇರೊಂದು ಶಾಸ್ತ್ರವೇ ಸರಿ. ಸುಗ್ಗಿಯ ಕಾಲದಲ್ಲಿ ರೈತರು ರಾಗಿ, ಹುರುಳಿಗಳನ್ನು ಡಾಂಬರಿನ ಮೇಲೆ ಹರಡುತ್ತಾರೆ. ಆ ಹುಲ್ಲಿನ ಮೇಲೆ ಬ್ರೇಕು ಹಾಕಿದವನಿಗೆ ನೆಲವೇ ಇಲ್ಲ. ಆಯುಧಪೂಜೆಯ ಮರುದಿನ ನಗರದ ಬೀದಿಬೀದಿಗಳಲ್ಲಿ ಒಡೆದ ಬೂದುಗುಂಬಳ ಕಾದಿರುತ್ತದೆ. ವಾಹನಗಳ ಶ್ರೇಯಸ್ಸಿಗಾಗಿ ಒಡೆದ ಕಾಯಿಯೇ ವಾಹನವನ್ನು ಕೆಡಹುವುದು ಎಂಥ ವಿಪರ್ಯಾಸ! ಬೇಸಿಗೆ ಕಳೆದು ಬೀಳುವ ಮೊದಲ ಮಳೆಯು ರಸ್ತೆಯ ಎಣ್ಣೆ ಧೂಳುಗಳನ್ನು ಕಲಸಿ ಲೇಹ್ಯಮಾಡುತ್ತದೆ. ಬಣ್ಣ ಬಳಿಯದ ಉಬ್ಬುಗಳ ವಿಚಾರವನ್ನು ಓದುಗರಿಗೆ ನಾನು ಹೇಳಬೇಕಾಗಿಲ್ಲ. ಅವರವರ ಬೆನ್ನುಮೂಳೆಯೇ ಹೇಳುತ್ತದೆ.

ತಂಗಿಯ ಕರಾರು ನೆನಪಿದೆಯಷ್ಟೆ? ಅದನ್ನು ಕೆಲವು ತಿಂಗಳು ಮುಂದಕ್ಕೆ ಹಾಕಬೇಕಾಗುತ್ತದೆ. ಕಲಿಕೆಯ ಪರವಾನಗಿಯಲ್ಲಿ, ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ. ಪಕ್ಕಾ ಪರವಾನಗಿ ಬಂದ ಮೇಲೂ ಒಬ್ಬನೇ ಓಡಾಡಿ ಕೈ ಕುದುರಿಸಿಕೊಳ್ಳುವುದು ಮೇಲು. ಹಿಂದೆ ಇನ್ನೊಬ್ಬರು ಕುಳಿತೊಡನೆ ಗಾಡಿ ನಿಲ್ಲುವ ದೂರವೂ ತಿರುಗುವ ರೀತಿಯೂ ಬದಲಾಗುತ್ತವೆ. ತಾಯಿಯವರು ಸೀರೆಯುಟ್ಟು ಕೂರುವುದಾದರೆ ಚಕ್ರಕ್ಕೆ ಮರೆಯಾದ ಜಾಲರಿ ಭದ್ರವಾಗಿರಬೇಕು. ಸೆರಗನ್ನೂ ದುಪಟ್ಟಾವನ್ನೂ ಮಡಿಲಿಗೆ ಸೇರಿಸಿಕೊಂಡೇ ಹೊರಡಬೇಕು.

ಕಡೆಗೆ ಪರೀಕ್ಷೆಯ ದಿನ ಬರುತ್ತದೆ. ಅಲ್ಲಿ ನೆಲದ ಮೇಲೆ ಎಂಟರ ಅಂಕಿಯಂಥ ದಾರಿಯೊಂದಿರುತ್ತದೆ. ಕಾಲೂರದೆ ಅದನ್ನು ಸುತ್ತಿ ಬರಬೇಕು. ಎಷ್ಟು ವೇಗವಾಗಿ ಹೋಗಬಲ್ಲೆಯೆಂದು ಅಧಿಕಾರಿ ಕೇಳುವುದಿಲ್ಲ. ಎಷ್ಟು ನಿಧಾನವಾಗಿ, ಎಷ್ಟು ಸ್ಥಿರವಾಗಿ ಹೋಗಬಲ್ಲೆಯೆಂಬುದನ್ನು ನೋಡುತ್ತಾನೆ. ಮೈದಾನದಲ್ಲಿ ಬೇಸರವಿಲ್ಲದೆ ಹೊರಟು ನಿಂತವನಿಗೆ ಆ ಎಂಟು ಆಟದಂತೆ. ಹೆದ್ದಾರಿಯಲ್ಲಿ ಗೆಳೆಯರೊಡನೆ ಪಂದ್ಯ ಕಟ್ಟಿ ಬಂದವನು ಎರಡನೆಯ ಸುತ್ತಿನಲ್ಲಿಯೇ ಕಾಲೂರುತ್ತಾನೆ. ಅಂಥವನಿಗೆ ಅಧಿಕಾರಿ ಇನ್ನೊಂದು ದಿನ ಬರಹೇಳುತ್ತಾನೆ. ರಸ್ತೆಯು ಎಲ್ಲರಿಗೂ ಇನ್ನೊಂದು ದಿನವನ್ನು ಕೊಡುವುದಿಲ್ಲ.